ಹದಿನಾಲ್ಕು ಕಿಲೊ

ಹುಬ್ಬಳ್ಳಿಯಿಂದ ಬಂದ ಸರೋಜವ್ವ ಕಾಲಿಗೆ ನೀರು ಸಹ ಹಾಕಿಕೊಳ್ಳದೆ, ಚಪ್ಪಲಿಯಲ್ಲೇ ಅಡುಗೆಮನೆಗೆ ನಡೆದುಬಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಹಾಗೆ ಮಾಡಿದ್ದನ್ನು ಗಂಡ ಶಂಕ್ರಪ್ಪ ಕಂಡಿರಲಿಲ್ಲ. ಬೆಲ್ಲದ ಡಬ್ಬಿ, ಸಕ್ಕರೆಯ ಡಬ್ಬಿ, ತುಪ್ಪದ ಗಿಂಡಿ, ಹಪ್ಪಳ ಸಂಡಿಗೆಯ ಬುಟ್ಟಿ ಎಲ್ಲವನ್ನೂ ಒಂದೊಂದಾಗಿ ಇಳಿಸಿ ಪಡಸಾಲೆಗೆ ತಂದು ಅವನ ಮುಂದಿಟ್ಟಳು.

“ಇವನ್ನೆಲ್ಲಾ ಗಿರಣ್ಯಾಗ ಇಟ್ಟು ಕೀಲಿ ಹಾಕ್ರಿ. ನಾ ಕೇಳಿದ್ರೂ ಕೊಡಬ್ಯಾಡ್ರಿ.”

“ಡಾಕ್ಟರ್ ಏನಂದ್ರು ಅದನ್ನರ ಮೊದ್ಲ ಹೇಳು,” ಎಂದ ಶಂಕ್ರಪ್ಪ.

ಸರೋಜವ್ವ ಗೋಡೆಗೆ ಒರಗಿ ಕುಳಿತಳು. ಬಾಗಿಲ ಸಂದಿಯಿಂದ ಒಳಕೋಣೆಯಲ್ಲಿ ಮಲಗಿದ್ದ ಸೊಸೆ ರಂಜನಾಳ ಬಾತ ಪಾದಗಳು ಕಾಣುತ್ತಿದ್ದವು. ಆಕೆಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದಳು.

“ನನ್ನ ರಕ್ತದ ಗುಂಪು ಕೂಡತೈತಂತ. ಆದ್ರ ನನ್ನ ಕಿಡ್ನಿ ತಗೊಳ್ಳಾಂಗಿಲ್ಲಂತ. ದಪ್ಪ ಅದೇನಿ, ಬಿ.ಪಿ. ಐತಿ, ಸಕ್ರಿ ಗಡಿಗೆ ಬಂದು ನಿಂತೈತಿ...”

ಮಾಸೂರಿನಲ್ಲಿ ಶಂಕ್ರಪ್ಪನದು ಹಿಟ್ಟಿನ ಗಿರಣಿ. ಮಗ ಚನ್ನೇಶ ಹಿರೇಕೆರೂರಿನಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ. ಸರೋಜವ್ವನ ಕೈಯ ಹೋಳಿಗೆಯಿಲ್ಲದೆ ಊರಲ್ಲಿ ಯಾವ ಮದುವೆಯೂ ನಡೆಯುತ್ತಿರಲಿಲ್ಲ. ಹೂರಣದ ರುಚಿ ನೋಡುತ್ತ, ಕಡೆಯ ಪಂಕ್ತಿಯಲ್ಲಿ ಉಳಿದದ್ದನ್ನೆಲ್ಲ ಉಣ್ಣುತ್ತ ಆಕೆ ಐವತ್ಮೂರಕ್ಕೆ ಎಂಬತ್ತೆಂಟು ಕಿಲೊ ಆಗಿದ್ದಳು. ಅದನ್ನು ಯಾರೂ ರೋಗವೆಂದು ತಿಳಿದಿರಲಿಲ್ಲ. ಉಂಡು ಗಟ್ಟಿಯಾಗಿದ್ದಾಳೆ ಎನ್ನುತ್ತಿದ್ದರು.

ರಂಜನಾ ಸೊಸೆಯಾಗಿ ಬಂದು ಆರು ವರ್ಷ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಕುಸಿದು ಕೂರುತ್ತಿದ್ದ ಅವಳನ್ನು ಸರೋಜವ್ವ ಬಹಳ ದಿನ ಮೈಗಳ್ಳಿಯೆಂದೇ ನಂಬಿದ್ದಳು. ಹಾಗೆಂದು ನೆರೆಹೊರೆಯವರ ಮುಂದೆ ಆಡಿಯೂ ಬಿಟ್ಟಿದ್ದಳು. ಹುಡುಗಿ ಒಂದು ದಿನವೂ ಎದುರುತ್ತರ ಕೊಟ್ಟವಳಲ್ಲ. ಹೋದ ವರ್ಷ ಮುಖ ಬಾತು, ಉಸಿರು ಕಟ್ಟಿ ದವಾಖಾನೆಗೆ ಸೇರಿದ ಮೇಲೆ ನಿಜ ತಿಳಿಯಿತು. ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ಅಂದಿನಿಂದ ವಾರಕ್ಕೆ ಎರಡು ಸಲ ಹಿರೇಕೆರೂರಿಗೆ ಹೋಗಿ ನಾಲ್ಕು ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತಿದ್ದಳು. ತಾಯಿ ಇಲ್ಲ, ತಂದೆಗೆ ಸಕ್ಕರೆ ಕಾಯಿಲೆ, ಚನ್ನೇಶನ ಗುಂಪು ಹೊಂದಲಿಲ್ಲ. ಆಗ ಸರೋಜವ್ವ ಯಾರನ್ನೂ ಕೇಳದೆ, “ನಂದು ನೋಡ್ರಿ” ಎಂದಿದ್ದಳು.

ಈಗ ಡಾಕ್ಟರಮ್ಮ ಹೇಳಿದ್ದು ಇಷ್ಟು: “ಹದಿನಾಲ್ಕು ಕಿಲೊ ಇಳಿಸ್ರಿ, ಆಮೇಲೆ ಮತ್ತ ಎಲ್ಲಾ ಪರೀಕ್ಷೆ ಮಾಡೋಣ. ಆದ್ರ ಉಪವಾಸ ಮಾಡಿ ಅಲ್ಲ. ಸರಿಯಾಗಿ ಉಣ್ಣಬೇಕು, ದಿನಾ ನಡೀಬೇಕು. ನಿಮ್ಮ ಆರೋಗ್ಯ ಕೆಡಿಸಿ ಇನ್ನೊಬ್ಬರಿಗೆ ಆರೋಗ್ಯ ಕೊಡೋದು ನಮ್ಮ ಕೆಲಸ ಅಲ್ಲ.”

ಮರುದಿನ ಬೆಳಿಗ್ಗೆ ಸರೋಜವ್ವ ಮಗನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮದಗದ ಕೆರೆಯ ದಾರಿ ಹಿಡಿದಳು. ಕಾಲುವೆಯ ಸೇತುವೆ ಮುಟ್ಟುವಷ್ಟರಲ್ಲಿ ಎದೆ ನಗಾರಿಯಂತೆ ಹೊಡೆದುಕೊಂಡಿತು. ಕಲ್ಲಿನ ಮೇಲೆ ಕುಳಿತು ಏದುಸಿರು ಬಿಟ್ಟಳು. ಗದ್ದೆಗೆ ಹೊರಟ ಹೆಂಗಸರು ಬೂಟು ನೋಡಿ ಸೆರಗಿನಲ್ಲಿ ನಕ್ಕರು. ಅಲ್ಲಿಂದಲೇ ತಿರುಗಿ ಬಂದಳು. ಆದರೆ ಅದರ ಮರುದಿನವೂ ಹೋದಳು.

ರಂಜನಾಳಿಗೆ ವಿಷಯ ತಿಳಿಯದೆ ಇರಲಿಲ್ಲ. ಅವಳು ಡಾಕ್ಟರು ಕೊಟ್ಟಿದ್ದ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಅತ್ತೆಯ ತಾಟು ತಾನೇ ಬಡಿಸತೊಡಗಿದಳು. ಅರ್ಧ ತಾಟು ಮೆಂತ್ಯದ ಸೊಪ್ಪು, ಸವತೆಕಾಯಿ, ಗಜ್ಜರಿ. ಒಂದು ಜೋಳದ ರೊಟ್ಟಿ. ಮೊಳಕೆ ಒಡೆದ ಹೆಸರುಕಾಳಿನ ಪಲ್ಯ. ಒಂದು ಬಟ್ಟಲು ಮಜ್ಜಿಗೆ. ಅನ್ನ ನಾಲ್ಕು ತುತ್ತು. ಸಂಜೆಯ ಭಜಿ ನಿಂತಿತು, ಚಹಾಕ್ಕೆ ಸಕ್ಕರೆ ಹೋಯಿತು. ಮೊದಲ ವಾರ ಸರೋಜವ್ವ ಚಹಾ ಕುಡಿದು ಕಷಾಯ ಕುಡಿದವಳಂತೆ ಮುಖ ಮಾಡುತ್ತಿದ್ದಳು. ಅದನ್ನು ನೋಡಿ ರಂಜನಾ ಬಹಳ ದಿನಗಳ ಮೇಲೆ ನಕ್ಕಳು. ಆ ನಗು ನೋಡಬೇಕೆಂದೇ ಸರೋಜವ್ವ ಚಹಾ ಅಭ್ಯಾಸವಾದ ಮೇಲೂ ಮುಖ ಕಿವುಚುವುದನ್ನು ಬಿಡಲಿಲ್ಲ.

ಡಯಾಲಿಸಿಸ್ ಇಲ್ಲದ ದಿನ ರಂಜನಾ ತಾನೂ ಜೊತೆಗೆ ಬರತೊಡಗಿದಳು. ಸೇತುವೆಯವರೆಗೆ ನಿಧಾನವಾಗಿ ನಡೆದು ಅಲ್ಲಿ ಕುಳಿತುಕೊಳ್ಳುವಳು. ಸರೋಜವ್ವ ಕೆರೆಯ ಏರಿಯ ತನಕ ಹೋಗಿ ಬರುವಳು. ಮನೆಗೆ ಬಂದ ಮೇಲೆ ಕುರ್ಚಿಯಿಂದ ಏಳುವುದು, ಕೂರುವುದು, ಇಪ್ಪತ್ತು ಸಲ. ಹದಿನೈದಕ್ಕೇ ನಿಲ್ಲಿಸಿದರೆ ಎಣಿಸುತ್ತಿದ್ದ ಸೊಸೆ, “ಇನ್ನ ಐದು ಅದಾವ್ರಿ ಅತ್ತಿ,” ಎಂದು ಮೆಲ್ಲಗೆ ಹೇಳುವಳು. ಮೂರು ತಿಂಗಳಲ್ಲಿ ಆರು ಕಿಲೊ ಇಳಿಯಿತು. ಆಮೇಲೆ ತೂಕದ ಮುಳ್ಳು ಐದು ವಾರ ನಿಂತಲ್ಲೇ ನಿಂತಿತು.

ಅದೇ ಹೊತ್ತಿಗೆ ಪಂಚಮಿ ಬಂತು. ಶಂಕ್ರಪ್ಪನ ಅಕ್ಕ ಶಿವಬಸವ್ವ ದುಂಡಸಿಯಿಂದ ತವರಿಗೆ ಬಂದಳು, ಬರುವಾಗ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿಯ ದೊಡ್ಡ ಡಬ್ಬಿ ತಂದಳು. ಸರೋಜವ್ವ ಅರ್ಧ ಉಂಡಿ ಮುರಿದುಕೊಂಡು ಉಳಿದದ್ದನ್ನು ಸರಿಸಿದ್ದೇ ಶಿವಬಸವ್ವನ ಸಿಟ್ಟು ನೆತ್ತಿಗೇರಿತು.

“ಸೊಸಿ ಸಲುವಾಗಿ ಸೊರಗಾಕತ್ತಿಯಲ್ಲ, ನಿನಗೇನರ ಆದ್ರ ನನ್ನ ತಮ್ಮಗ ಯಾರು? ಹೆತ್ತ ಮಗಳಿಗೆ ಕೊಟ್ಟಿದ್ರ ಮಾತ ಬ್ಯಾರೆ ಇತ್ತು. ಒಂದ ಕೂಸಿಲ್ಲ, ಕುನ್ನಿಯಿಲ್ಲ. ಆಕೀನ್ನ ತವರಿಗೆ ಕಳಿಸಿ ಚನ್ನೇಶಗ ಇನ್ನೊಂದ ನೋಡಿದ್ರ ಮುಗೀತು.”

ಆಗಷ್ಟೇ ಡಯಾಲಿಸಿಸ್ ಮುಗಿಸಿ ಗಂಡನ ಬೈಕಿನಿಂದ ಇಳಿದು ಬರುತ್ತಿದ್ದ ರಂಜನಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಚನ್ನೇಶ ಸೋದರತ್ತೆಯ ಮೇಲೆ ಬಾಯಿ ಮಾಡಲು ಹೋದ. ರಂಜನಾ ಅವನ ತೋಳು ಹಿಡಿದು ತಡೆದು ನೇರ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಸರೋಜವ್ವ ಒಳಗೆ ಬಂದು ನೋಡಿದರೆ, ಹುಡುಗಿ ಚೀಲದಲ್ಲಿ ಸೀರೆ ತುಂಬುತ್ತಿದ್ದಳು. ಸೂಜಿ ಚುಚ್ಚಿದ ಕೈಗೆ ಸುತ್ತಿದ್ದ ಪಟ್ಟಿಯನ್ನೂ ಬಿಚ್ಚಿರಲಿಲ್ಲ.

“ಎಲ್ಲಿಗೆ ಹೊಂಟಿ?”

“ಅಪ್ಪನ ಮನಿಗ್ರಿ. ಚಿಕ್ಕೇರೂರಿಂದಾನೂ ದವಾಖಾನಿಗೆ ಬಸ್ಸ ಅದಾವ.”

“ಆಕಿ ಮಾತು ಮನಸಿಗೆ ಹಚ್ಕೋಬ್ಯಾಡ.”

“ಅವರು ತಪ್ಪೇನ ಅಂದಿಲ್ರಿ ಅತ್ತಿ. ಐವತ್ತು ದಾಟಿದ ನಿಮ್ಮ ಹೊಟ್ಟಿ ಕೊಯ್ಸಿ ನಾ ಬದುಕೂದು ಯಾವ ನ್ಯಾಯ?”

ಸರೋಜವ್ವ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಹೇಳಬೇಕೆಂದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದು ಅಂದು ಹೊರಬಂತು.

“ನಿನಗ ಮೈಗಳ್ಳಿ ಅಂದೇನಿ, ರಂಜನಾ. ನಿಂಗ ಕಾಲು ಬಾತಾಗ ಕುಂತು ಕುಂತು ಬಾತಾವು ಅಂದೇನಿ. ಅವತ್ತ ದವಾಖಾನಿಗೆ ಕರಕೊಂಡು ಹೋಗಿದ್ರ ಇಷ್ಟಕ್ಕ ಬರ್ತಿರಲಿಲ್ಲೋ ಏನೋ... ಆ ಪಾಪ ನಾ ಎಲ್ಲಿ ತೊಳ್ಕೊಳ್ಳಿ?”

ರಂಜನಾ ಚೀಲ ಕೆಳಗಿಟ್ಟಳು.

“ತಪ್ಪು ತೊಳ್ಕೊಳ್ಳಾಕ ಕೊಡೂದಾದ್ರ ನನಗ ಬ್ಯಾಡ್ರಿ. ಅದನ್ನ ಹೊಟ್ಯಾಗ ಇಟ್ಕೊಂಡು ದಿನಾ ನಾ ಹೆಂಗ ಬದುಕ್ಲಿ?”

ಹಿತ್ತಿಲಲ್ಲಿ ಶಿವಬಸವ್ವ ತಮ್ಮನ ಜೊತೆ ವಾದ ಮಾಡುತ್ತಿದ್ದುದು ಕೇಳಿಸುತ್ತಿತ್ತು.

“ಮೊದ್ಲ ದಿನ ಹಂಗ ಅನ್ಕೊಂಡಿದ್ದೆ,” ಎಂದಳು ಸರೋಜವ್ವ. “ಈಗ ಅದಲ್ಲ. ಮುಂಜಾನೆ ಏರಿ ಮ್ಯಾಲಿಂದ ತಿರುಗಿ ಬರೂಮುಂದ ನೀ ಸೇತುವಿ ಮ್ಯಾಲ ಕುಂತಿರ್ತಿ. ದೂರದಿಂದ ನೋಡ್ತೇನಿ. ಡಯಾಲಿಸಿಸ್ ದಿನಾ ಆ ಜಾಗ ಖಾಲಿ ಇರತೈತಿ... ನನ್ನ ಕಾಲಾಗಿನ ಶಕ್ತೀನ ಹೋಗತೈತಿ. ನೀ ಇರಬೇಕವ್ವ ನನಗ. ಅಷ್ಟ.”

ರಂಜನಾ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆರು ವರ್ಷದಲ್ಲಿ ಅವಳು ಆ ಮನೆಯಲ್ಲಿ ದನಿ ತೆಗೆದು ಅತ್ತದ್ದು ಅದೇ ಮೊದಲು. ಸರೋಜವ್ವ ಬೆನ್ನು ಸವರುತ್ತ, ಕೈಯ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದಳು. ಚೀಲದ ಸೀರೆಗಳನ್ನು ಚನ್ನೇಶ ತಾನೇ ಪೆಟ್ಟಿಗೆಗೆ ಮರಳಿಸಿದ.

ಸಂಜೆ ಸರೋಜವ್ವ ಶಿವಬಸವ್ವನ ಎದುರು ಕುಳಿತು ಹೇಳಿದ್ದು ಒಂದೇ ಮಾತು. “ಅಕ್ಕಾರ, ಈ ಮನಿಗೆ ಯಾವಾಗ ಬಂದ್ರೂ ನಿಮ್ಮ ತವರು ಇದು. ಆದ್ರ ನನ್ನ ಸೊಸಿ ಮನಿನೂ ಇದಾ.” ಶಿವಬಸವ್ವ ಮರುದಿನದ ಬಸ್ಸಿಗೆ ಹೊರಟುಹೋದಳು.

ನಡಿಗೆ ದಿನಕ್ಕೆ ಎರಡು ಹೊತ್ತಾಯಿತು. ಮಳೆ ಹಿಡಿದ ದಿನ ಗಿರಣಿಯ ಉದ್ದನೆಯ ಪಡಸಾಲೆಯಲ್ಲಿ ಹಿಟ್ಟಿನ ಧೂಳಿನ ನಡುವೆಯೇ ಆ ಕಡೆಯಿಂದ ಈ ಕಡೆಗೆ ನಡೆದಳು. ಮದುವೆಗಳಿಗೆ ಹೋಳಿಗೆ ಬಡಿಯಲು ಹೋದರೂ ರುಚಿ ನೋಡುವ ಕೆಲಸ ಬೇರೆಯವರಿಗೆ ವಹಿಸಿದಳು. ಮುಳ್ಳು ಮತ್ತೆ ಇಳಿಯತೊಡಗಿತು. ಮೊದಲು ನಕ್ಕಿದ್ದ ಹೆಂಗಸರಲ್ಲಿ ಮೂವರು ಈಗ ಜೊತೆಗೆ ನಡೆಯುತ್ತಿದ್ದರು. ನವೆಂಬರಿನಲ್ಲಿ ಹುಬ್ಬಳ್ಳಿಯ ತಕ್ಕಡಿ ಎಪ್ಪತ್ನಾಲ್ಕು ತೋರಿಸಿತು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು, ಬಿ.ಪಿ. ಹತೋಟಿಗೆ ಬಂದಿತ್ತು. ಡಾಕ್ಟರಮ್ಮ ವರದಿಗಳನ್ನು ಎರಡು ಸಲ ನೋಡಿ, ಕನ್ನಡಕ ತೆಗೆದು, “ನೀವು ನಿಮ್ಮ ಆಯುಷ್ಯಾನೂ ಹೆಚ್ಚು ಮಾಡ್ಕೊಂಡ್ರಿ,” ಎಂದರು.

ಅತ್ತೆ ಸೊಸೆಗೆ ಕೊಡುವುದು ರಕ್ತಸಂಬಂಧದ ದಾನವಲ್ಲ. ಅದಕ್ಕೆ ಸಮಿತಿಯೊಂದರ ಒಪ್ಪಿಗೆ ಬೇಕಾಗಿತ್ತು. ಐದು ಜನ ದೊಡ್ಡ ಮೇಜಿನ ಹಿಂದೆ ಕುಳಿತಿದ್ದರು. ಒಬ್ಬರು ಕೇಳಿದರು: “ಮಗ, ಗಂಡ ಯಾರಾದರೂ ಒತ್ತಾಯ ಮಾಡಿದ್ದಾರೇನಮ್ಮ? ಹೆದರದೆ ಹೇಳ್ರಿ.”

ಸರೋಜವ್ವ ಸೆರಗು ಸರಿಮಾಡಿಕೊಂಡಳು. “ಏಳು ತಿಂಗಳು ದಿನಾ ನಡದು ಬಂದೇನ್ರಿ, ಸಾಹೇಬ್ರ. ಜುಲುಮೆಗೆ ಯಾರೂ ಅಷ್ಟು ದೂರ ನಡ್ಯಾಂಗಿಲ್ಲ.”

ಕೇಳಿದವರು ಕಾಗದದ ಮೇಲೆ ತಲೆ ಬಗ್ಗಿಸಿ ಸಹಿ ಹಾಕಿದರು.

ಸಂಕ್ರಾಂತಿ ಕಳೆದ ಎರಡನೆಯ ವಾರ ಶಸ್ತ್ರಚಿಕಿತ್ಸೆ ಆಯಿತು. ಅಕ್ಕಪಕ್ಕದ ಕೋಣೆಗಳಲ್ಲಿ ಇಬ್ಬರನ್ನೂ ಮಲಗಿಸಿದ್ದರು. ಸರೋಜವ್ವನಿಗೆ ಎಚ್ಚರವಾದಾಗ ಮೊದಲು ಕಂಡದ್ದು ಮಗನ ಮುಖ. ಅವನ ಕಣ್ಣು ಕೆಂಪಗಿದ್ದವು, ಆದರೆ ತುಟಿ ನಗುತ್ತಿತ್ತು. “ಕಿಡ್ನಿ ಕೆಲಸ ಸುರು ಮಾಡೇತವ್ವ,” ಎಂದ. ಆಕೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಶಿವನಿಗೆ ಕೈಮುಗಿದಳು. ಮೂರನೆಯ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆಯುವಾಗ, ಬೆಂಚಿನ ಮೇಲೆ ಶಿವಬಸವ್ವ ಕುಳಿತದ್ದು ಕಂಡಿತು. ಕರೆಯದೆ ಬಂದಿದ್ದಳು. ಇಬ್ಬರೂ ಊರಿಗೆ ಮರಳುವ ತನಕ ಆಕೆಯೇ ಮಾಸೂರಿನ ಒಲೆ ಹೊತ್ತಿಸಿ ತಮ್ಮನಿಗೂ ಚನ್ನೇಶನಿಗೂ ರೊಟ್ಟಿ ಬಡಿದಳು. ಪಂಚಮಿಯ ಮಾತನ್ನು ಯಾರೂ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ರಂಜನಾಳ ಕೆನ್ನೆಗೆ ಬಣ್ಣ ಬಂತು. ಬಾಯಿಗೆ ಮಾಸ್ಕು ಕಟ್ಟಿಕೊಂಡು ಅಂಗಳದಲ್ಲಿ ಓಡಾಡುವಳು, ಹೊತ್ತು ಹೊತ್ತಿಗೆ ಗುಳಿಗೆ ನುಂಗುವಳು. ಅಂಥ ಒಂದು ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು. ಗಂಡಸರಿಬ್ಬರೂ ಮನೆಯಲ್ಲಿರಲಿಲ್ಲ. ಎರಡು ತಿಂಗಳು ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ್ದನ್ನು ಬದಿಗಿಟ್ಟು ಸರೋಜವ್ವ ತುಂಬಿದ ಕೊಡಕ್ಕೆ ಕೈ ಹಾಕಿದಳು.

“ಅತ್ತಿ, ಕೆಳಗಿಡ್ರಿ ಅದನ್ನ!”

ಓಣಿಯ ಮಂದಿ ತಿರುಗಿ ನೋಡಿದರು. ರಂಜನಾ ಕಟ್ಟೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಹೊಲಿಗಿ ಮಾಗಿ ಎಷ್ಟ ದಿನಾ ಆಗೇತಿ? ಡಾಕ್ಟರ್ ಹೇಳಿದ್ದು ಗಾಳಿಗೇನು? ನಿಮ್ಮ ಕಡೆ ಉಳದಿದ್ದು ಒಂದಾ. ನನ್ನ ಹೊಟ್ಯಾಗಿಂದೂ ನಾನ ಕಾಯಬೇಕು, ನಿಮ್ಮದೂ ನಾನ ಕಾಯಬೇಕೇನು? ಒಳಗ ಬರ್ರಿ ಮೊದ್ಲ.”

ಬೈದು ಮುಗಿಸಿದ ಮೇಲೆ ತಾನಾಡಿದ್ದು ತನಗೇ ಕೇಳಿಸಿದಂತಾಗಿ ಅವಳು ಬೆದರಿದಳು. ಸರೋಜವ್ವ ಕೊಡವನ್ನು ಮೆಲ್ಲಗೆ ಕೆಳಗಿಟ್ಟು, ತಪ್ಪು ಮಾಡಿ ಸಿಕ್ಕ ಹುಡುಗಿಯಂತೆ ತಲೆ ತಗ್ಗಿಸಿ ಸೊಸೆಯ ಮುಂದಿನಿಂದ ಹಾದು ಒಳಗೆ ಹೋದಳು. ಹೋಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ದಿನ ಸಂಜೆ ಹಿಟ್ಟು ಬೀಸಿಸಲು ಗಿರಣಿಗೆ ಬಂದವರನ್ನೆಲ್ಲ ಸರೋಜವ್ವ ತಾನಾಗಿ ಕರೆದು ಕರೆದು ಮುಖ ಅರಳಿಸಿ ಹೇಳಿದಳು:

“ನಮ್ಮ ರಂಜನಾ ಇವತ್ತ ನನಗ ಬೈದ್ಲ ನೋಡ್ರಿ. ಓಣಿಗೆಲ್ಲಾ ಕೇಳೂವಂಗ ಬೈದ್ಲು.”