ಒಂಬತ್ತು ತಿಂಗಳ ಅಧ್ಯಕ್ಷ

ಅಧ್ಯಕ್ಷನ ಪಾತ್ರದ ಧನಂಜಯ್ ಪಾನಕದ ಲೋಟ ಬಾಯಿಗಿಟ್ಟು ಕುಸಿದಾಗ ಚನ್ನರಾಯಪಟ್ಟಣದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೈಟಿ ದೇಶವನ್ನು ಒಂಬತ್ತೇ ತಿಂಗಳು ಆಳಿ ಸತ್ತ ತಾಂಕ್ರೆದ್ ಒಗ್ಯುಸ್ತನ ಕತೆ ಅದು. ಅವನಿಗೆ ವಿಷವಿಕ್ಕಿದರೆಂದು ಅಲ್ಲಿಯ ಜನ ನಂಬಿದ್ದರು, ನಾಟಕವೂ ಹಾಗೆಯೇ ಮುಗಿಯುತ್ತಿತ್ತು. ನಡುವಿನಿಂದಲೇ ಧನಂಜಯನ ಮಾತು ತೊದಲುತ್ತಿದ್ದುದನ್ನೂ ಜನ ನಟನೆಯೆಂದೇ ಮೆಚ್ಚಿದ್ದರು. ಪರದೆ ಬಿದ್ದ ಮೇಲೂ ಅಧ್ಯಕ್ಷ ಏಳಲಿಲ್ಲ.

"ಪಾನಕದಲ್ಲಿ ವಿಷ!" ಎಂದು ಕೂಗಿ ಲೋಟವೆತ್ತಿದವನು ಸೇನಾಪತಿ ವೇಷದ ರಜನೀಶ್. ಲೋಟದ ತಳದಲ್ಲಿ ಬಿಳಿ ಪುಡಿಯಿತ್ತು. ಪಾನಕ ಮಾಡಿದವಳು ಅಂಗನವಾಡಿಯ ಪ್ರತಿಭಾ. ಧನಂಜಯನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ತಂಡದ ಯಜಮಾನ ಚಂದ್ರಮೌಳಿ ಅವಳನ್ನು ಬಣ್ಣದ ಕೋಣೆಗೆ ದೂಡಿ ಹೊರಗಿನಿಂದ ಚಿಲಕ ಹಾಕಿದರು.

ಕಿಟಕಿಯಿಲ್ಲದ ಕೋಣೆ. ಪತ್ತೇದಾರಿಕೆಯಲ್ಲಿ ಹತ್ತು ವರ್ಷ ಮರುದೇವಿ ಮೇಡಂ ಬೆನ್ನಿಗಿದ್ದು ಎಷ್ಟೋ ಕಳ್ಳರನ್ನು ಹಿಡಿಸಿಕೊಟ್ಟವಳು ಇಂದು ತಾನೇ ಬೋನಿಗೆ ಬಿದ್ದಿದ್ದಳು. ಪೊಲೀಸರು ಅರ್ಧ ಗಂಟೆಯಲ್ಲಿ ಬರುತ್ತಾರಂತೆ. ಒಮ್ಮೆ ಜೀಪು ಹತ್ತಿದರೆ ಅಂಗನವಾಡಿ ಕೆಲಸವೂ ಹೋಯಿತು, ಮಾನವೂ ಹೋಯಿತು.

ಚಿಲಕ ಸರಿಯಿತು. ನಾಟಕ ನೋಡಲು ಬಂದಿದ್ದ ಶ್ರವಣಬೆಳಗೊಳದ ನಿವೃತ್ತ ವಿಜ್ಞಾನ ಶಿಕ್ಷಕಿ ಮರುದೇವಿ ಒಳಬಂದರು.

"ಅಳಬೇಡ. ಧನಂಜಯ್ ಇವತ್ತು ಏನೇನು ತಗೊಂಡ?"

"ಆರು ಗಂಟೆಗೆ ರಜನೀಶ್ ಬಾದಾಮಿ ಹಾಲು ಕೊಟ್ಟ ಮೇಡಂ. ಆಮೇಲೆ ನನ್ನ ಪಾನಕ. ಅದಕ್ಕೆ ನಾನೇನೂ ಬೆರೆಸ್ಲಿಲ್ಲ."

ಆಸ್ಪತ್ರೆಗೆ ಒಯ್ಯುವಾಗ ತೆಗೆದಿಟ್ಟಿದ್ದ ಅಧ್ಯಕ್ಷನ ಶಾಲನ್ನು ಮರುದೇವಿ ಬಿಡಿಸಿ ನೋಡಿದರು. ಒಂದು ಅಂಚು ತೊಪ್ಪೆಯಾಗಿತ್ತು, ಬೆಲ್ಲ ಏಲಕ್ಕಿಯ ಪಾನಕದ ವಾಸನೆ. ಪುಡಿಯ ಕುರುಹಿರಲಿಲ್ಲ. ಅವರು ಎಲ್ಲರನ್ನೂ ರಂಗದ ಮೇಲೆ ಸೇರಿಸಿದರು.

"ವಿಷ ಬೆರೆಸಿದ್ದು ಲೋಟಕ್ಕೋ, ಪಾನಕದ ಜಗ್ಗಿಗೋ?"

"ಜಗ್ಗಿಗೇ ಬೆರೆಸವ್ಳೆ ಕಣಮ್ಮ!" ಎಂದರು ಚಂದ್ರಮೌಳಿ.

ಮರುದೇವಿ ಅದೇ ಜಗ್ಗಿನಿಂದ ಬೇರೆ ಲೋಟಕ್ಕೆ ಪಾನಕ ಬಗ್ಗಿಸಿ ಬಾಯಿಗೆತ್ತಿದರು.

"ಅಯ್ಯೋ, ಬ್ಯಾಡ ಕಣಮ್ಮ!" ಚಂದ್ರಮೌಳಿ ಓಡಿ ಬಂದರು. ದೀಪದ ತಿಮ್ಮಪ್ಪ ಏಣಿಯಿಂದ ಧುಮುಕಿದ. ಪ್ರತಿಭಾ ಮೇಡಂ ಕೈಯನ್ನೇ ಹಿಡಿದುಕೊಂಡಳು. ಅವಳ ಕೈ ಬಿಡಿಸಿಕೊಂಡು ಮರುದೇವಿ ಕೊನೆಯ ಹನಿಯವರೆಗೂ ಕುಡಿದರು.

"ಹೊತ್ತು ಮುಳುಗಿದೆ ಮೇಡಂ!" ಪ್ರತಿಭಾ ಕೂಗಿಕೊಂಡಳು. ಜೈನ ವ್ರತದಂತೆ ನಲವತ್ತು ವರ್ಷದಿಂದ ಮರುದೇವಿ ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟಿದವರಲ್ಲ.

"ಧನಂಜಯನೂ ಮುಟ್ಟಲ್ಲ," ಎಂದರು ಮರುದೇವಿ. "ಈ ಚಾತುರ್ಮಾಸಕ್ಕೆ ಅವನೂ ವ್ರತ ಹಿಡಿದ. ಮಠದಲ್ಲಿ ಸಿಕ್ಕಾಗ ನನಗೊಬ್ಬಳಿಗೇ ಹೇಳಿದ್ದ. ಕುಡಿದ ಹಾಗೆ ನಟಿಸಿ ಪಾನಕವನ್ನ ಶಾಲಿಗೆ ಸುರಿದುಕೊಂಡ. ಹೊಟ್ಟೆಗಿಳಿಯದ ಪಾನಕ ಯಾರನ್ನ ಬೀಳಿಸುತ್ತೆ? ಔಷಧ ಹೋಗಿದ್ದು ಬೆಳಕಿರೋವಾಗಲೇ, ಬಾದಾಮಿ ಹಾಲಲ್ಲಿ. ಅದಕ್ಕೇ ನಡುವಿನಿಂದಲೇ ಮಾತು ತೊದಲಿದ್ದು. ಶಾಲಲ್ಲಿ ಇಲ್ಲದ ಪುಡಿ ಲೋಟಕ್ಕೆ ಆಮೇಲೆ ಬಿತ್ತು. ಲೋಟ ಮೊದಲು ಎತ್ತಿದವನು ನೀನು, ರಜನೀಶ್. ಕತೇಲಿ ವಿಷ ಇತ್ತು, ಎಲ್ಲರೂ ಲೋಟಾನೇ ನೋಡ್ತಾರೆ ಅಂತ ನಂಬಿದ್ದೆ."

"ಎಲ್ಲಾ ಸುಳ್ಳು!"

"ಹಾಗಾದರೆ ನನ್ನನ್ನ ಯಾಕೆ ತಡೀಲಿಲ್ಲ? ವಿಷ ಅಂತ ನಂಬಿದವರೆಲ್ಲ ಓಡಿ ಬಂದರು. ಜಗ್ಗಿನಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದವರು ಇಬ್ಬರೇ. ಪ್ರತಿಭಾ ಕೈ ಹಿಡಿದದ್ದು ವಿಷಕ್ಕಲ್ಲ, ನನ್ನ ವ್ರತಕ್ಕೆ. ಇನ್ನೊಬ್ಬ ಕೈ ಕಟ್ಟಿಕೊಂಡು ನಿಂತಿದ್ದ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಈ ಪುಣ್ಯಾತ್ಮ ಏನನ್ನೂ ಮುಟ್ಟದೆ ಸಿಕ್ಕಿಬಿದ್ದ.

"ಆ ಪಾತ್ರ ಮೊದ್ಲು ನಂದು ಸಾ," ಎಂದು ರಜನೀಶ್ ಚಂದ್ರಮೌಳಿಯ ಮುಂದೆ ಕುಸಿದು ಕೂತ. "ಕಿತ್ಕೊಂಡ್ಬುಟ್ರಿ. ಮುಂದಿನ್ವಾರ ಮೈಸೂರಲ್ಲಿ ಸ್ಪರ್ಧೆ. ಇವ್ನು ಆಸ್ಪತ್ರೇಲಿ ಮಲಗ್ಲಿ ಅಂತ ನಿದ್ದೆ ಗುಳಿಗೆ ಆಕ್ದೆ."

ಜೀಪು ಅವನನ್ನು ಹತ್ತಿಸಿಕೊಂಡು ಹೋಯಿತು. ಧನಂಜಯ್ ಕಣ್ಣು ಬಿಟ್ಟನೆಂದು ಆಸ್ಪತ್ರೆಯಿಂದ ಫೋನು ಬಂತು. ಪ್ರತಿಭಾಗೆ ಮಾತ್ರ ಮೇಡಂ ಮುಖ ನೋಡಲಾಗಲಿಲ್ಲ.

"ನನ್ನಿಂದ ನಿಮ್ಮ ವ್ರತ ಮುರೀತು."

"ಮುರೀತು. ಅದಕ್ಕೆ ನಾಳೆ ಉಪವಾಸ ಇರ್ತೀನಿ," ಎಂದರು ಮರುದೇವಿ. "ನಿನ್ನ ಬಿಟ್ಟುಕೊಟ್ಟಿದ್ದರೆ ಎಷ್ಟು ದಿನ ಇರಬೇಕಿತ್ತೇ?"