ಕತ್ತರಿಸಿದ ಗಂಟು

ಪರದೆಯ ಮೇಲೆ ನೇಕಾರನೊಬ್ಬ ಮಗ್ಗದ ಮುಂದೆ ಕೂತಿದ್ದ. ಪಕ್ಕದಲ್ಲಿ ಕಣ್ಣು ಮಂಜಾದ ಹೆಂಡತಿ, ಅವನು ಅಂದು ನೇಯ್ದ ರವಿಕೆ ಖಣದ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದಳು. ಪರದೆಯ ಕೆಳಗಿನ ಹಸಿರು ಗೆರೆ ಇಳಿಯುತ್ತಾ ಬಂತು: ಎಪ್ಪತ್ತೆಂಟು, ಎಪ್ಪತ್ತು, ಅರವತ್ತೆರಡು. ಆಮೇಲೆ ಕೆಂಪು ಅಕ್ಷರಗಳು ಮೂಡಿದವು: ನೀರಸ. ಕತ್ತರಿಸಿ.

ಅದು ಮಿಡಿತಮಾಪಕದ ತೀರ್ಪು. ಇನ್ನೂರು ಜನರ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಸಿನಿಮಾ ತೋರಿಸಿದರೆ ಸಾಕು, ಅವರ ನಾಡಿಬಡಿತವನ್ನು ಕ್ಷಣಕ್ಷಣಕ್ಕೂ ಅಳೆದು, ಯಾವ ದೃಶ್ಯ ಇರಬೇಕು, ಯಾವುದು ಹೋಗಬೇಕು ಎಂದು ಯಂತ್ರ ಹೇಳುತ್ತಿತ್ತು. 2061ರ ಹೊತ್ತಿಗೆ ಅದರ ಅಪ್ಪಣೆಯಿಲ್ಲದೆ ಒಂದು ದೊಡ್ಡ ಚಿತ್ರವೂ ತೆರೆ ಕಾಣುತ್ತಿರಲಿಲ್ಲ. ಅದನ್ನು ಕಂಡುಹಿಡಿದ ಮೈಸೂರಿನ ಡಾ. ಧಾತ್ರಿ ಅಂದು ಪರೀಕ್ಷಾ ಕೊಠಡಿಯಲ್ಲೇ ಇದ್ದರು. ಜೊತೆಗೆ ನಿರ್ಮಾಪಕ ಪ್ರಣೀತ್ ಇದ್ದ. ಮೂಲೆಯ ಕುರ್ಚಿಯಲ್ಲಿ ಗುಳೇದಗುಡ್ಡದ ಸಂಗಪ್ಪ ಕೆಲೂರ ಕೂತಿದ್ದರು. ಎಪ್ಪತ್ತೆಂಟರ ಈ ನೇಕಾರ ಬದುಕಿನಲ್ಲಿ ಬರೆದದ್ದು ಒಂದೇ ಕಾದಂಬರಿ. ಎರಡು ಸಾವಿರ ಕೋಟಿಯ ಚಿತ್ರವಾಗುತ್ತಿದ್ದದ್ದು ಅದೇ.

ನೇಯುವಾಗ ಎಳೆ ಕಡಿದರೆ ಗಂಟು ಹಾಕಿ ತುದಿ ಕತ್ತರಿಸಬೇಕು. ಕಾದಂಬರಿಯ ಗಂಡ ದಿನಕ್ಕೊಂದು ಗಂಟನ್ನು ಬೇಕೆಂದೇ ಕತ್ತರಿಸದೆ ಬಿಡುತ್ತಾನೆ. ಕಣ್ಣು ಹೋಗಿ ಮಗ್ಗ ಬಿಟ್ಟ ಹೆಂಡತಿ ಅದನ್ನು ಬೆರಳಲ್ಲಿ ಹುಡುಕಿ ಹಿಡಿದು, ಇಷ್ಟು ವರ್ಷವಾದರೂ ಕೆಲಸ ಬರಲಿಲ್ಲವೆಂದು ಬೈಯುತ್ತಾಳೆ. ಆ ದಂಪತಿಯ ಪ್ರೀತಿಯೆಂದರೆ ಇಷ್ಟೇ. ಚಿತ್ರದಲ್ಲಿ ಗಂಡ ಆಗಲೇ ಗಿರಣಿಗೆ ಬೆಂಕಿ ಹಚ್ಚುವ ವೀರನಾಗಿದ್ದ, ಆರು ಹೊಡೆದಾಟ ಮುಗಿಸಿದ್ದ. ಹೆಂಡತಿಯ ಪಾಲಿಗೆ ಮೂರು ಕುಣಿತ ಬಂದಿದ್ದವು. ಕಾದಂಬರಿಯದು ಅಂತ ಉಳಿದಿದ್ದದ್ದು ಈ ಮೂರೂವರೆ ನಿಮಿಷ ಮಾತ್ರ.

"ಜನಕ್ಕೆ ಬೋರ್ ಹೊಡೀತಿದೆ ಸರ್. ನಾನಲ್ಲ, ಯಂತ್ರ ಹೇಳ್ತಿದೆ," ಎಂದ ಪ್ರಣೀತ್.

ಸಂಗಪ್ಪ ಧಾತ್ರಿಯ ಕಡೆ ತಿರುಗಿದರು. "ನಮ್ಮಾಕಿಗೆ ಕಣ್ಣು ಹೋಗಿ ಹತ್ತು ವರ್ಷ ಆತ್ರಿ ಮೇಡಂ. ಸಿನಿಮಾದಾಗ ನಮ್ಮ ಗಂಟು ಬರತೈತಿ ಅಂತ ಓಣಿಗೆಲ್ಲ ಹೇಳ್ಯಾಳ. ಕೇಳಬೇಕಂತ ಕಾಯ್ಕೊಂಡು ಕುಂತಾಳ. ನಾ ಹೋಗಿ ಏನ್ ಹೇಳ್ಲಿ?" ಮತ್ತೆ ಕೇಳಿದರು: "ಮನಸಿಟ್ಟು ಕೇಳೋ ಮನಷ್ಯಾನ ಎದಿ ಜೋರ್ ಬಡಿತೈತೋ, ಮೆಲ್ಲಕ ಬಡಿತೈತೋ?"

ಯಂತ್ರಕ್ಕೆ ಮೊದಲ ಪಾಠ ಹೇಳಿಕೊಟ್ಟ ಹಳೆಯ ದಾಖಲೆಗಳನ್ನು ಧಾತ್ರಿ ಆ ಮಧ್ಯಾಹ್ನವೇ ತೆಗೆಸಿದರು. 2025ರಲ್ಲಿ, ಇಪ್ಪತ್ತೆರಡರ ವಿದ್ಯಾರ್ಥಿನಿಯಾಗಿದ್ದಾಗ, ಒಬ್ಬ ದೊಡ್ಡ ನಟನ ಚಿತ್ರದ ಮೊದಲ ದಿನದ ಮೊದಲ ಆಟದಲ್ಲಿ ನಾನೂರು ಅಭಿಮಾನಿಗಳಿಗೆ ಪಟ್ಟಿ ಕಟ್ಟಿದ್ದರು. ಹೊರಗೆ ಕಟೌಟಿಗೆ ಹಾಲಿನ ಅಭಿಷೇಕ, ಒಳಗೆ ಸೀಟಿನ ಮೇಲೆ ನಿಂತು ಕಾಗದ ಹರಿದು ತೂರುವ ಜನ. ನಾಡಿ ನೂರಿಪ್ಪತ್ತು ದಾಟಿತ್ತು. ಅದರ ಎದುರು ಧಾತ್ರಿ 'ಆನಂದ' ಎಂದು ಬರೆದುಕೊಂಡಿದ್ದರು. ಅಂದಿನಿಂದ ಯಂತ್ರ ಎಲ್ಲವನ್ನೂ ಆ ಒಂದು ಆಟದ ಗದ್ದಲಕ್ಕೆ ಹೋಲಿಸಿಯೇ ಅಳೆಯುತ್ತಿತ್ತು. ಗಮನವಿಟ್ಟಾಗ ಮನುಷ್ಯನ ನಾಡಿ ಇಳಿಯುತ್ತದೆ ಎಂಬುದು ಪಠ್ಯಪುಸ್ತಕದಲ್ಲೇ ಇತ್ತು. ಪರೀಕ್ಷೆಗೆ ಓದಿ ಮರೆತಿದ್ದರು. ನಾನೂರರಲ್ಲಿ ಹದಿನೇಳನೆಯ ಪಟ್ಟಿ ಅವರದೇ. ಸೀಟಿ ಹೊಡೆದು ಕೂಗಿ ಎರಡು ದಿನ ಗಂಟಲು ಕಟ್ಟಿತ್ತು.

ತಪ್ಪನ್ನು ಅವರು ಪ್ರಣೀತನ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅವನು ವಿನಯದಿಂದಲೇ ಕೇಳಿಸಿಕೊಂಡ. "ಇರಬಹುದು ಮೇಡಂ. ಆದ್ರೆ ಇಷ್ಟು ವರ್ಷದಿಂದ ಜನ ಇದನ್ನೇ ನೋಡ್ಕೊಂಡು ಬಂದಿದ್ದಾರೆ. ಅವ್ರಿಗೀಗ ಸುಮ್ನೆ ಕೂತು ನೋಡೋದು ಮರೆತೇ ಹೋಗಿದೆ."

"ಮರೆತಿಲ್ಲ. ಗೆರೆ ಇಳಿದಿದೆಯಲ್ಲ, ನೋಡಿ," ಎಂದರು ಧಾತ್ರಿ.

ಅವನು ನೋಡಲಿಲ್ಲ. ಯಂತ್ರದ ಮಾತೇ ಕೊನೆಯ ಮಾತು ಎಂದು ಕರಾರಿನಲ್ಲಿತ್ತು. ದೃಶ್ಯ ಹೋಯಿತು. ಚಿತ್ರ ಭರ್ಜರಿಯಾಗಿ ಓಡಿತು.

ತಿಂಗಳಾದ ಮೇಲೆ ಧಾತ್ರಿ, ಕತ್ತರಿಸಿದ ತುಣುಕನ್ನು ತಾವೇ ತೆಗೆದುಕೊಂಡು ಗುಳೇದಗುಡ್ಡಕ್ಕೆ ಹೋದರು. ಸಂಗಪ್ಪನವರ ಹೆಂಡತಿ ನೀಲವ್ವ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಕೈ ಸುಮ್ಮನಿರಬೇಕಲ್ಲ, ಧಾತ್ರಿ ರೂಢಿಯಂತೆ ಇಬ್ಬರಿಗೂ ಪಟ್ಟಿ ಕಟ್ಟಿಯೇ ತುಣುಕನ್ನು ಹಚ್ಚಿದರು. ಮಗ್ಗದ ಸದ್ದು ಕೇಳಿತು. ಸದ್ದು ನಿಂತಿತು. ಹೆಂಡತಿ ಗಂಟು ಹಿಡಿದು ಬೈದಳು. ನೀಲವ್ವ ಬಾಯಿಗೆ ಸೆರಗು ಹಿಡಿದು ನಕ್ಕರು.

"ಬೇಕಂತನ ಬಿಡತಿದ್ರು ಇವರು. ಮೊದಲನೇ ದಿನಾನ ನನಗ ಗೊತ್ತಾಗಿತ್ತು ತಂಗಿ. ಅಷ್ಟು ಕೆಟ್ಟ ಕೈಯಲ್ಲ ಇವರದು."

ಸಂಗಪ್ಪ ಬೆರಗಾಗಿ ಹೆಂಡತಿಯನ್ನು ನೋಡಿದರು. ಇದು ಅವರ ಕಾದಂಬರಿಯಲ್ಲಿ ಇರಲಿಲ್ಲ. "ಮತ್ತ ದಿನಾ ಯಾಕ ಬೈತಿದ್ದಿ?"

"ಬೈಲಿಲ್ಲಂದ್ರ ಮರುದಿನ ನೀವು ಇನ್ನೊಂದು ಗಂಟು ಬಿಡತಿದ್ರೇನು?"

ಧಾತ್ರಿಯ ಕೈಯಲ್ಲಿದ್ದ ಮಾಪಕದ ಫಲಕದ ಮೇಲೆ ಎರಡು ಗೆರೆಗಳು ಜೊತೆಜೊತೆಗೇ ಇಳಿದು ಐವತ್ತೆಂಟಕ್ಕೆ ನಿಂತವು. ಯಂತ್ರ ತನಗೆ ಗೊತ್ತಿದ್ದ ಮಾತನ್ನೇ ಹೇಳಿತು: ನೀರಸ. ಕತ್ತರಿಸಿ. ಧಾತ್ರಿಗೆ ನಾಚಿಕೆಯಾಯಿತು. ಫಲಕವನ್ನು ಬೋರಲು ಮಾಡಿ ಮಡಿಲಲ್ಲಿ ಇಟ್ಟುಕೊಂಡರು.

ವಾಪಸು ಬರುವ ರೈಲಿನಲ್ಲಿ ಅವರು 2025ರ ತಮ್ಮದೇ ಗೆರೆಯನ್ನು ತೆರೆದು ನೋಡಿದರು. ಏರಿ ಏರಿ ಹೋಗಿದ್ದ ಆ ಗೆರೆ ಮಧ್ಯದಲ್ಲಿ ಒಮ್ಮೆ, ನಲವತ್ತು ಸೆಕೆಂಡು, ಅರವತ್ತಕ್ಕೆ ಇಳಿದಿತ್ತು. ಉಳಿದ ಮುನ್ನೂರ ತೊಂಬತ್ತೊಂಬತ್ತು ಗೆರೆಗಳೂ ಅಲ್ಲೇ ಇಳಿದಿದ್ದವು. ಅದರ ಪಕ್ಕದಲ್ಲಿ ಅವರದೇ ಎಳೆಯ ಕೈಬರಹವಿತ್ತು: ಯಂತ್ರದ ದೋಷ, ಲೆಕ್ಕಕ್ಕಿಲ್ಲ. ಆ ನಲವತ್ತು ಸೆಕೆಂಡು ಥಿಯೇಟರಿನಲ್ಲಿ ಎಲ್ಲರೂ ಸುಮ್ಮನೆ ಕೂತು ನೋಡಿದ್ದು ಏನನ್ನು ಎಂದು ನೆನಪಿಸಿಕೊಳ್ಳಲು ಅವರು ಹುಬ್ಬಳ್ಳಿಯವರೆಗೂ ಪ್ರಯತ್ನಪಟ್ಟರು. ನೆನಪಾಗಲಿಲ್ಲ.