ಹಟ್ಟಿಯಲ್ಲಿಲ್ಲದ ಪದ

ದಿಲೀಪ ಸರ್ ಮೊದಲ ಸಲ ನಮ್ಮ ಮನೆಗೆ ಬಂದದ್ದು ನನ್ನನ್ನು ನೋಡಲು ಅಲ್ಲ, ಟಗರು ನೋಡಲು. ಅದು ನಮಗೆ ಗೊತ್ತಿರಲಿಲ್ಲ. ಉದಗೀರದ ಕಡೆಯ ಗಂಡಿನವರು ಅವತ್ತು ಕನ್ಯೆ ನೋಡಲು ಬರುತ್ತೇವೆಂದು ಫೋನು ಮಾಡಿದ್ದರು. ಎಕಂಬಾದಂಥ ಸಣ್ಣ ಊರಿನಲ್ಲಿ ಇಸ್ತ್ರಿ ಅಂಗಿಯ ಇಬ್ಬರು ಗಂಡಸರು ಬೈಕಿನಿಂದ ಇಳಿದು ಅಪ್ಪನ ಹೆಸರು ಹೇಳಿ, ಹಣಮಂತಪ್ಪನವರ ಮನೆ ಯಾವುದು ಎಂದು ಕೇಳಿದರೆ, ಯಾರಾದರೂ ಏನೆಂದು ತಿಳಿಯಬೇಕು?

ಅಪ್ಪ ಹೊಸ ಕಂಬಳಿ ಹಾಸಿ ಅವರನ್ನು ಕೂಡಿಸಿದ. ನಮ್ಮ ಅಜ್ಜಿ ಸಖುಬಾಯಿ, ನಾವೆಲ್ಲ ಆಯಿ ಅನ್ನುವುದು, ಮಂಡಕ್ಕಿಯ ಸುಸಲಾ ಮಾಡಿ ಮೇಲೆ ಸೇವು ಉದುರಿಸಿ ಕೊಟ್ಟಳು. ಆಮೇಲೆ ನನಗೆ ಹಸಿರು ಸೀರೆ ಉಡಿಸಿ, ಚಹಾದ ತಟ್ಟೆ ಕೈಗಿತ್ತು ಹೊರಗೆ ದಬ್ಬಿದಳು. ತಲೆ ತಗ್ಗಿಸಿ ನಿಂತೆ. ಒಳಗೊಳಗೇ ಕುದಿಯುತ್ತಿದ್ದೆ.

ಬಂದವರಲ್ಲಿ ಹಿರಿಯರು ಸಾಯಗಾಂವದ ಕೈಲಾಶ ಕಾಕಾ. ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, ನೇರ ವ್ಯವಹಾರಕ್ಕೆ ಇಳಿದರು.

"ಹಲ್ಲು ಎಷ್ಟಾಗ್ಯಾವ್ರಿ? ಒಮ್ಮಿ ಬಾಯಿ ತೆರಿಸಿ ನೋಡಬೇಕು."

ಕುರಿಯ ವಯಸ್ಸು ತಿಳಿಯುವುದು ಹಲ್ಲಿನಿಂದ. ಕೊಳ್ಳುವವರು ಬಾಯಿ ನೋಡದೆ ಮುಂದಿನ ಮಾತಾಡುವುದಿಲ್ಲ. ಕುರಿ ಸಾಕುವ ಮನೆಯಲ್ಲಿ ಇದು ಕೂಸಿಗೂ ಗೊತ್ತು, ಆದರೆ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಅಪ್ಪನ ಮುಖ ಕೆಂಪಾಯಿತು. ನಾನು ತಲೆ ಎತ್ತಿದೆ.

"ಮೂವತ್ತೆರಡು ಅದಾವ್ರಿ. ಎಣಿಸ್ತೀರೇನು?"

ಕಾಕಾ ಪಿಳಿಪಿಳಿ ನೋಡಿದರು. ಅವರ ಪಕ್ಕದಲ್ಲಿದ್ದ ಅಣ್ಣನ ಮಗ ದಿಲೀಪ ಸರ್‌ಗೆ ಮೊದಲು ತಿಳಿಯಿತು. ಅವರು ನಗಲಿಲ್ಲ. ತುಟಿ ಬಿಗಿಹಿಡಿದು ನನ್ನತ್ತ ನೋಡಿದರು. ತುಟಿ ಹಿಡಿದರೇನು, ಕಣ್ಣು ನಕ್ಕಾಗಿತ್ತು. ಆಮೇಲೆ ಬಹಳ ಮೆತ್ತಗೆ, ನಾವು ಟಗರಿನ ಸಲುವಾಗಿ ಬಂದವರು, ತಪ್ಪು ತಿಳೀಬ್ಯಾಡ್ರಿ ಎಂದರು. ಉದಗೀರದವರು ಅವತ್ತು ಬರಲೇ ಇಲ್ಲ.

ಮನೆಯ ಹಿಂದೆ ನಮ್ಮ ಕುರಿ ಹಟ್ಟಿ. ಎಲ್ಲರೂ ಅಲ್ಲಿಗೆ ಹೋದಾಗ ಬಾಗಿಲಿಗೆ ಅಡ್ಡ ನಿಂತ ಒಂದು ಕುರಿಯ ಬೆನ್ನು ತಟ್ಟಿ ಆಯಿ, "ಏ ರಿಲಕಟ್ಟೀ, ನಡಿ ಒಳಗ" ಅಂದಳು. ದಿಲೀಪ ಸರ್ ನಿಂತುಬಿಟ್ಟರು. ಇದೆಂಥ ಹೆಸರು ಎಂದು ನನ್ನನ್ನು ಕೇಳಿದರು. ರಿಲಕ್ಟಂಟ್, ಆಯಿಯ ಬಾಯಲ್ಲಿ ಹೀಗಾಗಿದೆ ಎಂದೆ.

ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಔರಾದಿನಲ್ಲಿ ಕನ್ನಡದಲ್ಲೇ ಬಿ.ಎ. ಮುಗಿಸಿದವಳು ನಾನು. ಹೈದರಾಬಾದಿನ ಕಾನೂನು ಕಾಲೇಜು ಸೇರುವ ಆಸೆ. ಅದರ ಎಂಟ್ರನ್ಸಿನಲ್ಲಿ ಇಂಗ್ಲಿಷ್ ಪದಗಳ ರಾಶಿ. ಸಂಜೆ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಎದ್ದರೆ ಬರಿದೋ ಬರಿದು. ಆದರೆ ಒಂದು ಕುರಿಯನ್ನು ಒಮ್ಮೆ ನೋಡಿದರೆ ಅದರ ಮುಖ, ಸ್ವಭಾವ ನನಗೆ ಮರೆಯುವುದಿಲ್ಲ. ಹಾಗಾಗಿ ಒಂದೊಂದು ಪದವನ್ನು ಒಂದೊಂದು ಕುರಿಗೆ ಕೊಟ್ಟೆ. ಹಟ್ಟಿಯ ಒಳಗೆ ಹೋಗಲು ಎರಡು ಸಲ ದಬ್ಬಿಸಿಕೊಳ್ಳುವವಳು ರಿಲಕ್ಟಂಟ್. ಉಣ್ಣೆ ಕತ್ತರಿಸಿದ ಮೇಲೆ ಮುಖ ತಿರುವಿ ನಿಲ್ಲುವವಳು ಸಲ್ಕಿ. ಎಲೆ ಅಲುಗಿದರೂ ಹಾರುವುದು ಟಿಮಿಡ್. ಅವರು ಕೊಳ್ಳಲು ಬಂದ ಸೊಕ್ಕಿನ ಟಗರು, ಹೇಳಬೇಕೇ, ಅರೊಗಂಟ್.

ಅವರು ಒಂದೊಂದರ ಮುಂದೆ ನಿಂತು ಹೆಸರು ಕೇಳಿದರು. ಗುಂಪು ಬಿಟ್ಟು ಇರಲಾರದ ಒಂದು ಬಿಳಿ ಕುರಿಗೆ ಗ್ರಿಗೇರಿಯಸ್ ಎಂದಾಗ, ಅವರ ಮುಖ ಅರಳಿತು. ಲ್ಯಾಟಿನಿನಲ್ಲಿ ಕುರಿ ಹಿಂಡಿಗೆ ಇರುವ ಮಾತಿನಿಂದಲೇ ಆ ಪದ ಹುಟ್ಟಿದೆಯಂತೆ.

"ಎಲ್ಲೆಲ್ಲೋ ತಿರುಗಿ ಕಡೀಗಿ ತನ್ನ ಮನಿಗಿ ಬಂದು ಸೇರ್ಯಾದ ನೋಡ್ರಿ" ಎಂದರು.

ಅವರು ಬೀದರಿನ ಮೈಲೂರಿನಲ್ಲಿ ಎಂಟ್ರನ್ಸ್ ಕೋಚಿಂಗಿನ ಇಂಗ್ಲಿಷ್ ಮಾಸ್ತರು ಎಂದು ಆಗ ತಿಳಿಯಿತು. ಐತವಾರದ, ಅಂದರೆ ಭಾನುವಾರದ, ಕ್ಲಾಸಿಗೆ ಕಳಿಸಿ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಬಹಳ ಯೋಚಿಸಿ ಒಪ್ಪಿದ. ಒಂದು ಸಲ ಮಾತ್ರ ಬರೆಯಬೇಕು. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಅವನು ತೋರಿಸಿದ ಗಂಡಿಗೆ ಸುಮ್ಮನೆ ಕೊರಳು ಕೊಡಬೇಕು. ಹೂಂ ಅಂದೆ. ಬೇರೆ ದಾರಿ ಯಾವುದಿತ್ತು?

ಹೀಗೆ ನನ್ನ ಐತವಾರಗಳು ಶುರುವಾದವು. ಎಕಂಬಾದಿಂದ ಟಂಟಂ ಆಟೋ ಹತ್ತಿ ಔರಾದು, ಔರಾದಿನಿಂದ ಬಸ್ಸು. ಮೈಲೂರಿನಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಫ್ಯಾನು ಗಾಳಿಗಿಂತ ಸದ್ದು ಹೆಚ್ಚು ಕೊಡುತ್ತಿತ್ತು.

ಪಕ್ಕದಲ್ಲಿ ಕೂಡುತ್ತಿದ್ದವಳು ಅಂಬರೀನ. ಬೀದರಿನವಳೇ, ಮಾತಿಗೆ ಬಿಡುವಿಲ್ಲದವಳು. ಸರ್ ಎಲ್ಲರಿಗೂ ಒಂದು ಉದಾಹರಣೆ ಕೊಡುತ್ತಾರೆ, ನಿನಗೆ ಮಾತ್ರ ಮೂರು, ಮಾಜರಾ ಏನು, ಏನು ವಿಷಯ ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಹಳ್ಳಿಯವಳಿಗೆ ತಿಳಿಯಲಿ ಅಂತ ಇರಬೇಕು ಎನ್ನುತ್ತಿದ್ದೆ. ಅವಳು ಹೌದಾ ಎಂದು ಹುಬ್ಬು ಹಾರಿಸುತ್ತಿದ್ದಳು.

ಅವರು ಹೊಸ ಪದ ಬೋರ್ಡಿನ ಮೇಲೆ ಬರೆದು ತಿರುಗಿದಾಗ ಮೊದಲು ನನ್ನನ್ನೇ ನೋಡುತ್ತಿದ್ದರು. ಯಾವ ಕುರಿ ಎಂದು ಕಣ್ಣಲ್ಲೇ ಕೇಳುವುದು. ನಾನು ತುಟಿಯ ಕೊನೆಯಲ್ಲಿ ನಗುವುದು. ಇಡೀ ಕ್ಲಾಸಿನಲ್ಲಿ ನಮಗಿಬ್ಬರಿಗೇ ಗೊತ್ತಿದ್ದ ಹಿಂಡು ಅದು. ಆ ಒಂದು ನೋಟಕ್ಕಾಗಿ ಬಸ್ಸಿನ ಧೂಳು, ಬಿಸಿಲು ಎಲ್ಲ ಸಹಿಸುತ್ತೇನೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಕುರಿಗಳು ಈಯುವ ಕಾಲದಲ್ಲಿ ಒಂದು ಐತವಾರ ಹೋಗಲಾಗಲಿಲ್ಲ. ಮುಂದಿನ ವಾರ ಹೋದಾಗ ಯಾಕೆ ಬರಲಿಲ್ಲ ಎಂದು ಕೇಳಿದರು. ಮರಿಗಳು ಎಂದೆ. ಹೂಂ ಅಂದು ಬೋರ್ಡಿಗೆ ತಿರುಗಿ ಬರೆದರು: ಯರ್ನ್. ಹಂಬಲಿಸುವುದು.

ಇದಕ್ಕೆ ನನ್ನ ಹತ್ತಿರ ಕುರಿ ಇಲ್ಲ ಎಂದೆ. ಕುರಿಗೆ ಹಸಿವಿದೆ, ಹೆದರಿಕೆಯಿದೆ, ಹಟವಿದೆ. ಇದು ನಮ್ಮ ಹಟ್ಟಿಯಲ್ಲಿಲ್ಲ. ಕ್ಲಾಸು ನಕ್ಕಿತು.

ಅವರು ನಗಲಿಲ್ಲ. "ಬೇಕು ಅನ್ನೂದು ಬ್ಯಾರೆ, ಇದು ಬ್ಯಾರೆ. ಇಲ್ಲ ಅಂತ ಗೊತ್ತಿದ್ರೂ ಮನಸ್ಸು ಅದೇ ಜಾಗಾ ನೋಡ್ತಿರ್ತದ. ಈಗ ಹೋದ ಐತವಾರ..." ಎಂದು ಮೂರನೇ ಬೆಂಚಿನ ಕಡೆ ನೋಡಿ, ತಿರುಗಿ ಬೋರ್ಡು ಒರೆಸತೊಡಗಿದರು. ಮೂರನೇ ಬೆಂಚು ನಮ್ಮದು. ಅಂಬರೀನ ನನ್ನ ತೊಡೆ ಚಿವುಟಿದ ಗುರುತು ನಾಲ್ಕು ದಿನ ಇತ್ತು.

ಹೌದು, ನನಗೂ ಅವರ ಮೇಲೆ ಮನಸ್ಸಿತ್ತು. ಸುಳ್ಳು ಯಾಕೆ ಹೇಳಲಿ?

ಪರೀಕ್ಷೆಗೆ ಒಂದು ತಿಂಗಳಿರುವಾಗ ಕೈಲಾಶ ಕಾಕಾ ಎಕಂಬಾಕ್ಕೆ ಬಂದರು. ಈ ಸಲ ಟಗರಿಗಲ್ಲ. ನಮ್ಮ ದಿಲೀಪನಿಗೆ ನಿಮ್ಮ ಸಿದ್ದೇಶ್ವರಿಯನ್ನು ಕೊಡಿ ಎಂದು ಕೇಳಿದರು. ಜೂನಿನ ಮಿರಗದ ಮಳೆಗೆ ಮುಂಚೆ ಅಕ್ಷತೆ ಬೀಳಬೇಕು, ಸೊಸೆ ಹೈದರಾಬಾದಿಗೆ ಹೋಗಿ ಓದುವುದೆಲ್ಲ ನಮ್ಮಲ್ಲಿ ನಡೆಯುವುದಿಲ್ಲ ಎಂದೂ ಹೇಳಿದರು. ಅಪ್ಪನಿಗೆ ಆಕಾಶ ಮೂರೇ ಗೇಣು. ಮಾಸ್ತರನೇ ಗಂಡನಾಗಿ ಬರುವಾಗ ಪರೀಕ್ಷೆ ಯಾಕೆ ಎಂದ. ಗುರುವಾರ ನಿಶ್ಚಯ ಎಂದು ಊರಿಗೆಲ್ಲ ಹೇಳಿಕೊಂಡು ಬಂದ.

ಐತವಾರದ ಕ್ಲಾಸಿಗೆ ಇನ್ನೂ ಎರಡು ದಿನವಿತ್ತು. ಬೇಕಾದ ಮನುಷ್ಯ ಮನೆ ಬಾಗಿಲಿಗೆ ಬಂದಿದ್ದ, ಆದರೆ ನನ್ನ ಪುಸ್ತಕದ ಮೇಲೆ ಕಾಲಿಟ್ಟು ಬಂದಿದ್ದ. ಐತವಾರ ಕ್ಲಾಸು ಮುಗಿಯುವ ತನಕ ಹಲ್ಲು ಕಚ್ಚಿ ಕೂತೆ. ಎಲ್ಲರೂ ಇಳಿದು ಹೋದ ಮೇಲೆ ಕೇಳಿದೆ.

"ಪದಾ ಕಲಿಸ್ತೀನಿ ಅಂತ ಕರೆದು, ಬಾಗಿಲಾ ಮುಚ್ಚಲಕ್ಕ ಹತ್ತೀರೇನು ಸರ್?"

ಅವರಿಗೆ ಏನೂ ಗೊತ್ತಿರಲಿಲ್ಲ. ಮನಸ್ಸಿನ ಮಾತು ಒಮ್ಮೆ ಕಾಕಾನ ಮುಂದೆ ಬಾಯಿಬಿಟ್ಟಿದ್ದರಂತೆ. ಖುಷಿಪಡಿಸೋಣ ಎಂದು ಕಾಕಾ ಇವರನ್ನು ಕೇಳದೆಯೇ ನಮ್ಮ ಮನೆಗೆ ಬಂದಿದ್ದರು. ಸರ್ ಅಲ್ಲೇ ನಿಂತು ಸಾಯಗಾಂವಕ್ಕೆ ಫೋನು ಹಚ್ಚಿದರು. ಲಗ್ನ ಮುಂದಕ್ಕೆ ಹಾಕಿ, ಓದಲಿ ಎಂದು ಕೇಳಿಕೊಂಡರು. ಆ ಕಡೆಯಿಂದ ಕಾಕಾನ ಗದರಿಕೆ ನನಗೂ ಕೇಳಿಸಿತು. ಫೋನು ಇಟ್ಟು ನನ್ನ ಕಡೆ ತಿರುಗಿದರು.

"ನಾವು ಬ್ಯಾಡ ಅಂದ್ರ, ಹುಡುಗೀದೇ ಏನೋ ಐಬು ಅದ ಅಂತ ಊರ ಮಂದಿ ಅಂತಾರ. ಅದಕ್ಕ ಗುರುವಾರ ಎಲ್ಲಾರ ಮುಂದ ನೀವೇ ಬ್ಯಾಡ ಅನ್ರಿ. ಅನ್ನೂದು ನನಗ ಅನ್ಲಿ."

"ನಿಮಗ ಏನೂ ಅನಸಂಗಿಲ್ಲೇನು?"

"ಭಾಳ ಅನಸ್ತದ್ರಿ. ನೀವು ನನಗ ಬೇಕು. ಆದ್ರ ಪರೀಕ್ಷಾ ಬಿಟ್ಟು ನಮ್ಮ ಮನಿಗಿ ಬಂದ ನಿಮ್ಮ ಮಾರಿ ದಿನಾ ನೋಡ್ಕೊಂತ ನಾ ಹ್ಯಾಂಗ ಇರ್ಲಿ?"

ನನಗೆ ಅಳು ಬಂತು. ಅವರು ನೀರಿನ ಬಾಟಲಿ ನನ್ನ ಮುಂದಿಟ್ಟು, ಬಾಗಿಲ ಹತ್ತಿರ ಹೋಗಿ ನಿಂತರು.

ಗುರುವಾರ ನಮ್ಮ ಅಂಗಳದಲ್ಲಿ ಅರ್ಧ ಊರು ಕೂಡಿತ್ತು. ತಟ್ಟೆಯಲ್ಲಿ ಸಕ್ಕರೆ, ತೆಂಗಿನಕಾಯಿ ಇದ್ದವು. ನಾನು ಎದ್ದು ನಿಂತು, ನನಗೆ ಈ ಲಗ್ನ ಬೇಡ, ಪರೀಕ್ಷೆ ಬರೆಯಬೇಕು ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಕಾಕಾ ಧೋತರ ಕೊಡವಿ ಎದ್ದರು. ಯಾರೋ ಹಿಂದಿನಿಂದ, ಮಾಸ್ತರಗೆ ಒಂದು ಹುಡುಗಿ ಒಪ್ಪಲಿಲ್ಲ ನೋಡು ಎಂದು ನಕ್ಕರು. ದಿಲೀಪ ಸರ್ ಅಪ್ಪನಿಗೆ ಕೈ ಮುಗಿದು, ಹುಡುಗಿಯನ್ನು ಕೇಳದೆ ಬಂದದ್ದು ನಮ್ಮದೇ ತಪ್ಪು ಎಂದರು. ಹೋಗುವಾಗ ನನ್ನತ್ತ ನೋಡಲಿಲ್ಲ.

ಅಪ್ಪ ನನ್ನೊಡನೆ ಮಾತು ಬಿಟ್ಟ. ಆಯಿ ಮಾತ್ರ ಒಂದು ಮಾತು ಹೇಳಿದಳು. ಇಲ್ಲ ಅನ್ನಿಸಿಕೊಂಡು ಹೋದವರು ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ, ನಮ್ಮ ಕಡೆ ಹಾಗೆ ಇಲ್ಲ ಎಂದಳು.

ಅವರು ಮಾತ್ರ ಪಾಠ ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಕಲಿಸಿದರು. ಬಿಟ್ಟದ್ದು ಒಂದೇ, ಬರೆದು ತಿರುಗಿದಾಗ ನನ್ನನ್ನು ನೋಡುವುದನ್ನು. ನಾನು ತಲೆ ಎತ್ತಿ ಕಾಯುತ್ತಿದ್ದೆ, ಆ ಕಣ್ಣು ಗೋಡೆಯ ಮೇಲಿರುತ್ತಿತ್ತು. ಯರ್ನ್ ಎನ್ನುವ ಪದ ನನಗೆ ಆಗ ಬಂತು. ಅದಕ್ಕೆ ಯಾವ ಕುರಿಯೂ ಬೇಕಾಗಲಿಲ್ಲ.

ಪರೀಕ್ಷೆ ಬೀದರಿನಲ್ಲೇ ಆಯಿತು. ಪೇಪರು ತೆರೆದರೆ ಪರಿಚಯದ ಮುಖಗಳು ಒಂದೊಂದಾಗಿ ಕಿವಿ ಅಲ್ಲಾಡಿಸುತ್ತ ನಿಂತವು. ಫಲಿತಾಂಶ ಬಂದ ದಿನ ಸೀಟು ಸಿಕ್ಕಿದೆ ಎಂದು ಅಪ್ಪನಿಗೆ ಹೇಳಿದೆ. ಅವನು ಅಟ್ಟದಿಂದ ಟ್ರಂಕು ಇಳಿಸಿ ಧೂಳು ಒರೆಸಿದ. ಅಷ್ಟರಲ್ಲೇ ನನಗೆ ಎಲ್ಲ ತಿಳಿಯಿತು.

ಆಗ ಕೇಳಿದೆ, ಲಗ್ನದ ಮಾತಾಡಲು ಸಾಯಗಾಂವಕ್ಕೆ ಹೋಗಿ ಬರುತ್ತೀಯಾ ಎಂದು. ಅಪ್ಪ ಕೈ ನಿಲ್ಲಿಸಿದ. ಮಂದಿಯ ಮುಂದೆ ಇಲ್ಲ ಅಂದವಳು ನೀನು, ನನ್ನ ಕಾಲು ಏಳುವುದಿಲ್ಲ ಎಂದ. ತಪ್ಪಿಲ್ಲ ಅವನದು. ಆಯಿ ಮೂಲೆಯಿಂದ ಎದ್ದು ಸೆರಗು ಹೊದ್ದಳು. ನನ್ನ ಕಾಲು ಇನ್ನೂ ಗಟ್ಟಿ ಇವೆ ಎಂದಳು.

ಸಾಯಗಾಂವದಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಕೈಲಾಶ ಕಾಕಾ ಮಂಚದ ಮೇಲೆ ಕೂತಿದ್ದರು. ಅಕ್ಕಪಕ್ಕದ ನಾಲ್ಕು ಜನ ಇದ್ದರು. ದಿಲೀಪ ಸರ್ ಕಾಕಾನ ಪಕ್ಕದಲ್ಲಿದ್ದರು. ನಮ್ಮನ್ನು ಕಂಡು ಎದ್ದವರು ಹಾಗೇ ನಿಂತರು. ಕಾಕಾ ಬನ್ನಿ ಅನ್ನಲಿಲ್ಲ. ಆಯಿ ನೆಲದ ಮೇಲೆ ಕೂತಳು, ನಾನೂ ಕೂತೆ. ನಾನೇ ಮಾತು ತೆಗೆದೆ.

"ಕಾಕಾ, ನಾಲ್ಕು ಮಂದಿ ಮುಂದ ಇಲ್ಲ ಅಂದೀನಿ. ಅದಕ್ಕ ನಾಲ್ಕು ಮಂದಿ ಮುಂದನೇ ಕೇಳ್ಲಕ್ಕ ಬಂದೀನಿ. ಮೂರು ವರ್ಷ ಓದಬೇಕು. ಆಮ್ಯಾಲ ಬೀದರ ಕೋರ್ಟನ್ಯಾಗ ಕರೀ ಕೋಟು ಹಾಕ್ತೀನಿ, ಅದೂ ಬಿಡಂಗಿಲ್ಲ. ಹಿಂಗಿದ್ದಾಕಿನ್ನ ನಿಮ್ಮ ಮನಿಗಿ ತಗೋತೀರೇನು? ನನಗ ಇವರು ಬೇಕು."

ದಿಲೀಪ ಸರ್ ನನ್ನನ್ನೇ ನೋಡುತ್ತಿದ್ದರು. ಎಷ್ಟೋ ದಿನಗಳ ಮೇಲೆ.

ಕಾಕಾ ಮೀಸೆ ಮುಟ್ಟಿಕೊಂಡರು. ಎಕಂಬಾದ ಅಂಗಳದಲ್ಲಿ ತಿಂದ ಅವಮಾನ ಇನ್ನೂ ಅವರ ಗಂಟಲಲ್ಲೇ ಇತ್ತು. ನಿಧಾನ, ಒಂದೊಂದೇ ಅಕ್ಷರ ತೂಗಿದ ಹಾಗೆ ಹೇಳಿದರು.

"ಇಲ್ಲವಾ. ನಮ್ಮ ಕಡಿಂದ ಆಗಂಗಿಲ್ಲ."

ಆಯಿ ನನ್ನ ಕೈ ಹಿಡಿದಳು. ನಾನು ಏಳಲಿಲ್ಲ. ಇಲ್ಲ ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಆಗ ನನಗೆ ತಿಳಿಯಿತು. ಇದನ್ನು ದಿಲೀಪ ಸರ್ ನನ್ನ ಸಲುವಾಗಿ ತಾವಾಗಿಯೇ ಕೇಳಿ ತೆಗೆದುಕೊಂಡಿದ್ದರು.

ದಿಲೀಪ ಸರ್ ಮಂಚದ ಬದಿಯಿಂದ ಬಂದರು. ಚಪ್ಪಲಿ ಆಚೆ ಬಿಟ್ಟು ನನ್ನ ಪಕ್ಕದಲ್ಲಿ, ಕೇಳಲು ಬಂದವರ ಸಾಲಿನಲ್ಲಿ, ನೆಲದ ಮೇಲೆ ಕೂತರು. ಕಾಕಾನ ಕಡೆ ಮುಖ ಎತ್ತಿದರು.

"ಈಗ ಇಬ್ಬರಿಗೂ ಇಲ್ಲ ಅನ್ರಿ ಕಾಕಾ."

ಕಾಕಾ ಬಾಯಿ ತೆರೆದರು. ನಮ್ಮಿಬ್ಬರನ್ನೂ ನೋಡಿದರು, ಆಯಿಯನ್ನು ನೋಡಿದರು. ತಾವೇ ಎತ್ತಿ ಆಡಿಸಿದ ಅಣ್ಣನ ಮಗ ಪರರ ಹಾಗೆ ನೆಲದ ಮೇಲೆ ಕೂತಿದ್ದ. ಅವರ ಬಾಯಿಂದ ಆ ಮಾತು ಎರಡನೇ ಸಲ ಹೊರಡಲಿಲ್ಲ. ಕಡೆಗೆ ಒಳಗಿನ ಬಾಗಿಲಿಗೆ ತಿರುಗಿ, ಬಂದ ಬೀಗರಿಗೆ ಚಹಾ ಇಡಿ ಎಂದರು.